ಸಾವಕಾರರ ಗಾಡಿಯ ಎರಡನೇ ಗೇರು

ನಮ್ಮ ಕಡೆ ಹಳೆಯ ಗಾಡಿ ಕೊಳ್ಳುವವರು ಮಾರುವವನ ಮಾತು ನಂಬುವುದಿಲ್ಲ. ಪರಿಚಯದ ಮಿಸ್ತ್ರಿಯನ್ನು ಜೊತೆಗೆ ಕರೆದುಕೊಂಡು ಹೋಗುತ್ತಾರೆ. ಮಿಸ್ತ್ರಿ ಗಾಡಿಯ ಸುತ್ತ ತಿರುಗಿ, ಕಿಕ್ ಹೊಡೆದು, ಹೊಗೆ ಮೂಸಿ, ಕೊನೆಗೆ ಟ್ಯಾಂಕಿನ ಮೇಲೆ ಕೈಯಿಟ್ಟು "ತಗೋರಿ" ಅಂದರೆ ವ್ಯವಹಾರ ಮುಗಿಯಿತು. ಕೈ ತೆಗೆದು ಜೇಬಿಗೆ ಹಾಕಿಕೊಂಡರೆ ಕೊಳ್ಳುವವರು ಚಹಾ ಕುಡಿದು ಎದ್ದು ಬರುತ್ತಾರೆ. ಈ ಕೆಲಸಕ್ಕೆ ನಾನು ಏನನ್ನೂ ಇಸಿದುಕೊಳ್ಳುವುದಿಲ್ಲ. ಆದರೆ ನನ್ನ ಗ್ಯಾರೇಜು ನಡೆಯುವುದೇ ಆ ಒಂದು ಮಾತಿನ ಮೇಲೆ. ನಾನು ನೋಡಿ ಕೊಡಿಸಿದ ಗಾಡಿ ರಿಪೇರಿಗೂ ನನ್ನ ಹತ್ತಿರವೇ ಬರುತ್ತದೆ, ನನ್ನ ಮಾತು ಸುಳ್ಳಾದರೆ ಗಾಡಿಯ ಜೊತೆ ಬೈಗುಳವೂ ಬರುತ್ತದೆ.

ಆ ಸಲ ಮಳೆಗಾಲ ಮುಗಿದ ಮೇಲೆ ನನ್ನನ್ನು ಸಿಂದಗಿಯಿಂದ ಬಸವನ ಬಾಗೇವಾಡಿಗೆ ಕರೆದುಕೊಂಡು ಹೋದವರು ಡಾಕ್ಟರ್ ಬಾಯಿ. ಪೂರ್ತಿ ಡಾಕ್ಟರಲ್ಲ. ಮೋರಟಗಿ ಸುತ್ತಲಿನ ಊರುಗಳಲ್ಲಿ ಆಕಳು, ಎಮ್ಮೆಗಳಿಗೆ ಗರ್ಭ ಕಟ್ಟಿಸುವ ಕೆಲಸಕ್ಕೆ ತರಬೇತಿ ಪಡೆದವರು. ದನ ಬೆದೆಗೆ ಬಂದಿದೆ ಎಂದು ಫೋನು ಬಂದರೆ ಅರ್ಧ ದಿನದೊಳಗೆ ಅಲ್ಲಿ ಮುಟ್ಟಬೇಕು. ತಪ್ಪಿದರೆ ಮತ್ತೆ ಮೂರು ವಾರ ಕಾಯಬೇಕು, ಆ ಮೂರು ವಾರ ರೈತರ ಮನೆಯವರು ಇವರ ಹೆಸರು ಹಿಡಿದು ಶಾಪ ಹಾಕುತ್ತಾರೆ. ಎರೆ ಮಣ್ಣಿನ ಹೊಲದ ದಾರಿಯಲ್ಲಿ ಸ್ಕೂಟಿಯ ಸಣ್ಣ ಗಾಲಿ ಹೂತುಹೋಗುತ್ತದೆ. ಅವರು ಓಡಿಸುತ್ತಿದ್ದ ಅಪ್ಪನ ಬೈಕು ಮುದಿಯಾಗಿ ಎಣ್ಣೆ ಕುಡಿಯುತ್ತಿತ್ತು. ಅದಕ್ಕೇ ಒಂದು ಗೇರಿನ ಗಾಡಿ ಬೇಕಾಗಿತ್ತು.

ಮಾರುವವರು ಪೇಟೆಯಲ್ಲಿ ಭಾಂಡೆ, ಅಂದರೆ ಪಾತ್ರೆಯ ಅಂಗಡಿ ಇಟ್ಟ ವಯಸ್ಸಾದ ಸಾವಕಾರರು. ಅಂಗಡಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ, ಹಳೆಯ ಧೋತರ ಹೊದ್ದುಕೊಂಡು, ನೂರಾ ಇಪ್ಪತ್ತೈದು ಸಿಸಿಯ ಗಾಡಿಯೊಂದು ಡಬಲ್ ಸ್ಟ್ಯಾಂಡಿನ ಮೇಲೆ ನಿಂತಿತ್ತು. ಕೊಂಡು ಆರು ವರ್ಷವಾಗಿದ್ದರೂ ಮೀಟರಿನಲ್ಲಿ ಬರೀ ಮೂರು ಸಾವಿರದ ಇನ್ನೂರು ಕಿಲೋಮೀಟರ್ ಇತ್ತು.

"ಮುದ್ದೇಬಿಹಾಳಕ್ಕ ಐದಾರ್ ಸಲ ಹೋಗೇನ್ರಿ, ಇಂಡಿಗೆ ಎರಡ ಸಲ. ಆಮ್ಯಾಗ ಮೊಣಕಾಲ ಹಿಡಕೊಂಡ್ವು. ದಸರಾದಾಗ ಖಂಡೇಪೂಜಿಗೆ ತೊಳದು ಹಾರ ಹಾಕೂದು, ಮತ್ತ ಧೋತರ ಹೊಚ್ಚೂದು. ಅಷ್ಟ ನೋಡ್ರಿ ಇದರ ಕತಿ" ಎಂದರು ಸಾವಕಾರರು.

ಹ್ಯಾಂಡಲಿಗೆ ಬಾಡಿದ ಚೆಂಡು ಹೂವಿನ ದಾರ ಇನ್ನೂ ಸುತ್ತಿಕೊಂಡಿತ್ತು. ನನಗೆ ಅದರ ಮೇಲೂ ಅನುಮಾನ ಬಂತು. ಗಾಡಿ ಮಾರುವ ವಾರದಲ್ಲಿ ಹೂವು ಸುತ್ತಿ ಮನೆಮಗನ ಹಾಗೆ ತೋರಿಸುವವರನ್ನೂ ನೋಡಿದವನು ನಾನು. ಹಿಂದೊಮ್ಮೆ ಹೊರ್ತಿಯ ರೈತರೊಬ್ಬರಿಗೆ ಒಂದು ಗಾಡಿ ನೋಡಿ ಕೊಡಿಸಿದ್ದೆ. ಮೀಟರ್ ಹತ್ತು ಸಾವಿರ ತೋರಿಸುತ್ತಿತ್ತು, ಎರಡೇ ತಿಂಗಳಲ್ಲಿ ಪಿಸ್ಟನ್ ಕೂತುಬಿಟ್ಟಿತು. ಬಿಚ್ಚಿ ನೋಡಿದರೆ ಲಕ್ಷ ಓಡಿದ ಇಂಜಿನ್ನು. ಆ ರೈತರು ಬೈಯಲಿಲ್ಲ. ಆದರೆ ಅವತ್ತಿನಿಂದ ನನ್ನ ಗ್ಯಾರೇಜಿನ ಮುಂದೆಯೇ ಹಾದು ಇನ್ನೊಬ್ಬನ ಹತ್ತಿರ ಹೋಗುತ್ತಾರೆ.

ಹಾಗಾಗಿ ಸಾವಕಾರರ ಗಾಡಿಯನ್ನು ಕಳ್ಳನನ್ನು ತಪಾಸಣೆ ಮಾಡಿದ ಹಾಗೆ ನೋಡಿದೆ. ಕಾಲಿಡುವ ರಬ್ಬರಿನ ಗೀರು ಸವೆದಿರಲಿಲ್ಲ. ಚೈನಿನ ಹಲ್ಲುಗಳು ಚೂಪಾಗಿರಲಿಲ್ಲ. ಟ್ಯಾಂಕಿನೊಳಗೆ ಬ್ಯಾಟರಿಯ ಬೆಳಕು ಬಿಟ್ಟು ನೋಡಿದೆ, ತಳದಲ್ಲಿ ಸ್ವಲ್ಪ ತುಕ್ಕು. ಟೈರುಗಳು ಕಂಪನಿಯವೇ, ಅಂಚಿನಲ್ಲಿ ಸಣ್ಣಗೆ ಬಿರುಕು ಬಿಟ್ಟಿದ್ದವು. ಹನ್ನೊಂದು ಕಿಕ್ಕಿಗೆ ಇಂಜಿನ್ ಎದ್ದಿತು. ಕ್ಲಚ್ ಹಿಡಿದು ಒಂದನೇ ಗೇರಿಗೆ ಒತ್ತಿದರೆ ಗಾಡಿ ಮುಂದಕ್ಕೆ ಜಿಗಿದು ಬಂದ್ ಬಿದ್ದಿತು. ನ್ಯೂಟ್ರಲ್ ಸಿಗಲೊಲ್ಲದು.

ಡಾಕ್ಟರ್ ಬಾಯಿಯ ಮುಖ ಸಣ್ಣದಾಯಿತು. "ಇದೇನ್ರಿ ಮಿಸ್ತ್ರಿ?"

"ಬಾಳ ದಿನ ನಿಂತೈತ್ರಿ ಬಾಯಾರ. ಕ್ಲಚ್ಚಿನ ಪ್ಲೇಟು ಒಂದಕ್ಕೊಂದು ಅಂಟಗೊಂಡಾವು. ಬಿಡಸಿದ್ರ ಸರಿ ಆಗತೈತಿ" ಎಂದು ಟ್ಯಾಂಕಿನ ಮೇಲೆ ಕೈಯಿಟ್ಟೆ. "ತಗೋರಿ. ಈ ಗಾಡಿ ಓಡಿಲ್ಲ."

ಸಿಂದಗಿಗೆ ತಂದು ಎರಡು ದಿನ ಅದರ ಮೇಲೆ ಕೂತೆ. ಇಂಜಿನ್ ಎಣ್ಣೆ ಇಳಿಸಿದೆ, ಕಾಕಂಬಿಯಂತೆ ನಿಧಾನಕ್ಕೆ ಇಳಿಯಿತು. ಬಲಗಡೆಯ ಕವರ್ ಬಿಚ್ಚಿ ಕ್ಲಚ್ ಹೊರತೆಗೆದೆ. ಪ್ಲೇಟುಗಳು ಅಂಟಿಕೊಂಡಿದ್ದವು, ಒಂದೊಂದನ್ನೇ ಬಿಡಿಸಿ, ತೊಳೆದು, ಹೊಸ ಎಣ್ಣೆಯಲ್ಲಿ ರಾತ್ರಿಯಿಡೀ ನೆನೆಹಾಕಿದೆ. ಅಳೆದು ನೋಡಿದರೆ ಹೊಸ ಪ್ಲೇಟಿನಷ್ಟೇ ದಪ್ಪ. ಮೂರು ಸಾವಿರ ಎಂಬುದು ಖರೆ ಎಂದು ಒಳಗೊಳಗೇ ಖುಷಿಪಟ್ಟೆ. ಕ್ಲಚ್ ಕೇಬಲ್ಲಿಗೆ ಎಣ್ಣೆ ಬಿಟ್ಟೆ. ಗೇರ್ ಲಿವರಿನ ಬುಡದಲ್ಲಿ ಒಣಗಿದ ಕೆಸರನ್ನು ಸೀಮೆಎಣ್ಣೆ ಹಾಕಿ ಬಿಡಿಸಿದೆ. ಎಲ್ಲ ಜೋಡಿಸಿ ಓಡಿಸಿದರೆ ಐದೂ ಗೇರು ಸದ್ದಿಲ್ಲದೆ ಬೀಳತೊಡಗಿದವು.

ಡಾಕ್ಟರ್ ಬಾಯಿಯ ಕೆಲಸಕ್ಕೆ ಇನ್ನೊಂದು ಸಾಮಾನು ಬೇಕಾಗಿತ್ತು. ವೀರ್ಯದ ಕಡ್ಡಿಗಳನ್ನು ಅವರು ದ್ರವ ಸಾರಜನಕ ತುಂಬಿದ ಅಲ್ಯೂಮಿನಿಯಂ ಕ್ಯಾನಿನಲ್ಲಿ ಒಯ್ಯುತ್ತಾರೆ, ಹಾಲಿನ ಕ್ಯಾನಿನ ತಮ್ಮನ ಹಾಗೆ ಇರುತ್ತದೆ. ಅದನ್ನು ನಿಲ್ಲಿಸಲು ಗಾಡಿಯ ಪಕ್ಕ ಒಂದು ಕಬ್ಬಿಣದ ತಟ್ಟೆ ಬೇಕು. ಬಲಕ್ಕೆ ಸೈಲೆನ್ಸರಿನ ಬಿಸಿ, ಅದಕ್ಕೆ ಎಡಕ್ಕೇ ಮಾಡಿಸಿದೆ. ಅಳತೆ ನಾನೇ ತೆಗೆದುಕೊಟ್ಟೆ, ಪಕ್ಕದ ವೆಲ್ಡಿಂಗ್ ಅಂಗಡಿಯವರು ಬೆಸೆದುಕೊಟ್ಟರು. ಗಾಡಿ ಒಪ್ಪಿಸುವಾಗ ಡಾಕ್ಟರ್ ಬಾಯಿ ಒಂದು ಸುತ್ತು ಹೊಡೆದು ಬಂದು ನಕ್ಕರು. ನಾನೂ ನಕ್ಕೆ.

ಒಂಬತ್ತನೇ ದಿನ ಅವರು ನಗದೇ ಬಂದರು.

"ಮಿಸ್ತ್ರಿ, ಎರಡನೇ ಗೇರಿನ್ಯಾಗ ಹೊಂಟಿದ್ದಾಗ ತಾನ ಕಳಚತೈತಿ. ಇಂಜಿನ್ ಸುಮ್ನ ಒದರತೈತಿ, ಗಾಡಿ ಮುಂದ ಹೋಗಂಗಿಲ್ಲ. ಒಮ್ಮೊಮ್ಮೆ ಎರಡರಿಂದ ಮೂರಕ್ಕ ಎಷ್ಟ ತುಳದ್ರೂ ಬೀಳವಲ್ದು."

ಅವರು ಮೊದಲು ಕ್ಯಾನ್ ಇಳಿಸಿ, ಎದುರಿನ ಬೇವಿನ ಮರದ ನೆರಳಿಗೆ ಒಯ್ದು, ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತರು. ಆ ಕ್ಯಾನನ್ನು ಅವರು ಯಾರ ಕೈಗೂ ಕೊಡುವುದಿಲ್ಲ, ಬಿಸಿಲಿಗೂ ಬಿಡುವುದಿಲ್ಲ. ನಾನು ಗಾಡಿ ಹತ್ತಿ ಮೋರಟಗಿ ರಸ್ತೆಯಲ್ಲಿ ಎರಡು ಸುತ್ತು ಹೊಡೆದೆ. ಒಂದು, ಎರಡು, ಮೂರು, ಮತ್ತೆ ಎರಡು. ಬೇಕೆಂದೇ ತಗ್ಗಿನಲ್ಲಿ ಇಳಿಸಿದೆ. ಎಲ್ಲಿಯೂ ಕಳಚಲಿಲ್ಲ.

ಆಗ ನನಗೆ ಮೊದಲು ಬಂದ ಅನುಮಾನ ಅವರ ಕಾಲಿನ ಮೇಲೆ. ಈ ಗಾಡಿಯಲ್ಲಿ ಮುಂದೆ ಒತ್ತಿದರೆ ಒಂದನೇ ಗೇರು, ಹಿಂದೆ ಹಿಮ್ಮಡಿಯಿಂದ ಒತ್ತಿದರೆ ಉಳಿದ ನಾಲ್ಕು. ಅವರಪ್ಪನ ಗಾಡಿಯಲ್ಲಿ ಎಲ್ಲ ಗೇರೂ ಮುಂದಕ್ಕೇ. ಹಳೆಯ ರೂಢಿ ಕಾಲಿನಲ್ಲಿ ಉಳಿದಿರಬೇಕು ಎಂದುಕೊಂಡು, ಕ್ಲಚ್ ಪೂರ್ತಿ ಹಿಡಿಯಬೇಕು, ಹಿಮ್ಮಡಿಯನ್ನು ಲಿವರಿನ ಮೇಲೆ ಇಟ್ಟುಕೊಂಡು ಕೂರಬಾರದು ಎಂದು ಸಾಲಿ ಮಾಸ್ತರನಂತೆ ಪಾಠ ಹೇಳಿದೆ.

ಅವರು ಪೂರ್ತಿ ಕೇಳಿಸಿಕೊಂಡು, "ಹತ್ತ ವರ್ಷ ಆತ್ರಿ ಗೇರಿನ ಗಾಡಿ ಹೊಡದು. ಗಂಡಸ್ರು ಬಂದ ಹಿಂಗಂದಿದ್ರ ಅವರಿಗೂ ಇದ ಪಾಠ ಹೇಳತಿದ್ರೇನು?" ಎಂದರು. ಗಂಡಸರಿಗೆ ನಾನು ಹೇಳುತ್ತಿರಲಿಲ್ಲ. ಕ್ಲಚ್ ಕೇಬಲ್ಲನ್ನು ಅರ್ಧ ಸುತ್ತು ಬಿಗಿ ಮಾಡಿ ಕಳಿಸಿದೆ.

ಮುಂದಿನ ವಾರ ಅವರು ಗಾಡಿಯ ಬದಲು ಟಂಟಂ ಆಟೋದಲ್ಲಿ ಬಂದಿಳಿದರು. ಮೊಣಕೈಗೆ ಪಟ್ಟಿ ಕಟ್ಟಿತ್ತು. ಮೋರಟಗಿಯ ಈಚೆ ತಿರುವಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಎದುರಿಗೆ ಬಂದಿದೆ, ಇವರು ರಸ್ತೆ ದಾಟಿ ಬದಿಗೆ ಹೋಗುವಷ್ಟರಲ್ಲಿ ಎರಡನೇ ಗೇರು ಕಳಚಿದೆ. ನಡು ರಸ್ತೆಯಲ್ಲಿ ಇಂಜಿನ್ ಕೂಗುತ್ತ ನಿಂತಿದೆ. ಟ್ರ್ಯಾಕ್ಟರಿನವನು ಹೇಗೋ ಪಕ್ಕಕ್ಕೆ ಎಳೆದುಕೊಂಡ, ಇವರು ಗಾಡಿ ಸಮೇತ ಬದಿಯ ಜಾಲಿಗೆ ಬಿದ್ದರು. ಕ್ಯಾನ್ ಉಳಿಯಿತು. ಕಾಯುತ್ತಿದ್ದ ಎಮ್ಮೆಯ ಹೊತ್ತು ತಪ್ಪಿತು.

"ಗಾಡಿ ನೀವ ನೋಡಿ ತಗೋ ಅಂದ್ರಿ. ನೀವ ಹೇಳ್ರಿ ಈಗ, ಇಟ್ಕೊಳ್ಲೋ ವಾಪಸ್ ಕೊಡ್ಲೋ?" ಎಂದು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಹೊರ್ತಿಯ ಆ ರೈತರೂ ಹೀಗೇ ತಣ್ಣಗೆ ಮಾತಾಡಿದ್ದರು.

"ನಾಲ್ಕ ದಿನ ಕೊಡ್ರಿ ಬಾಯಾರ" ಎಂದೆ.

ಟೆಂಪೋದಲ್ಲಿ ಗಾಡಿ ತರಿಸಿ ಮೊದಲಿನಿಂದ ನೋಡತೊಡಗಿದೆ. ಮುಂದಿನ ಗಾಲಿಯಿಂದ ಮೀಟರಿಗೆ ಹೋಗುವ ಕೇಬಲ್ಲಿನ ಮೇಲೆ ಕಣ್ಣು ಬಿತ್ತು. ಉಳಿದ ಕೇಬಲ್ಲುಗಳೆಲ್ಲ ಆರು ವರ್ಷದ ಧೂಳು ತಿಂದು ಬೂದಿ ಬಣ್ಣಕ್ಕೆ ತಿರುಗಿದ್ದವು. ಇದೊಂದು ಮಾತ್ರ ಕಪ್ಪಗೆ, ಮಿರಮಿರ ಮಿಂಚುತ್ತಿತ್ತು. ಹೊಸದು. ಬಾಗೇವಾಡಿಯಲ್ಲಿ ಅಷ್ಟೊಂದು ಮೂಸಿ ನೋಡಿದವನಿಗೆ ಇದು ಕಂಡಿರಲೇ ಇಲ್ಲ.

ಮೀಟರ್ ಕೇಬಲ್ ಹೊಸದು ಎಂದರೆ ಯಾರೋ ಮೀಟರಿಗೆ ಕೈ ಹಾಕಿದ್ದಾರೆ. ಅಲ್ಲಿಂದ ಮುಂದೆ ನನ್ನ ತಲೆ ಇಳಿಜಾರಿನಲ್ಲಿ ಬ್ರೇಕಿಲ್ಲದೆ ಓಡಿತು. ಕ್ಲಚ್ ಪ್ಲೇಟು ಹೊಸದರಂತೆ ಇದ್ದದ್ದು ಓಡಿಲ್ಲವೆಂದಲ್ಲ, ಬದಲಿಸಿದ್ದಾರೆ ಎಂದು. ಕಾಲಿನ ರಬ್ಬರೂ ಬದಲಿಸಿದ್ದೇ. ಟೈರೂ ಎಲ್ಲಿಂದಲೋ ತಂದು ಹಾಕಿದ್ದೇ. ಮೊನ್ನೆ ಯಾವುದನ್ನು ನೋಡಿ ಖುಷಿಪಟ್ಟಿದ್ದೆನೋ ಅದೆಲ್ಲ ಈಗ ಸಾವಕಾರರ ಮೇಲೆ ಸಾಕ್ಷಿ ಹೇಳತೊಡಗಿತು. ಧೋತರ ಹೊದಿಸಿದ್ದು, ಹೂವಿನ ದಾರ, ಮೊಣಕಾಲಿನ ನೋವು, ಎಲ್ಲವೂ ನಾಟಕ ಎನಿಸಿತು.

ಅದೇ ಬಿಸಿಯಲ್ಲಿ ಫೋನು ಹಚ್ಚಿದೆ.

"ಸಾವಕಾರ್ರ, ಮೀಟರಿನ ಕೇಬಲ್ ಹೊಸಾದು ಐತಲ್ರಿ?"

"ಹೌದ್ರಿ. ಇಲಿ ಕಡದಿತ್ತು. ಹಾಕಿಸಿದ್ದೆ."

"ಇಲಿ ಅದೊಂದ ಕೇಬಲ್ ಯಾಕ ಕಡೀತ್ರಿ? ಬಾಜೂಕ ಬ್ರೇಕಿಂದ ಐತಿ, ಕ್ಲಚ್ಚಿಂದ ಐತಿ, ಅವನ್ನ ಯಾಕ ಬಿಡ್ತು?"

"ಇಲಿನ್ನ ಕೇಳಬೇಕ್ರಿ ಅದನ್ನ" ಎಂದರು ಅವರು. ನಗುತ್ತಿದ್ದಾರೆ ಅನ್ನಿಸಿತು. ಅಷ್ಟು ಸಾಕಾಯಿತು ನನಗೆ.

"ಮೀಟರ್ ತಿರುವಿ ಮಾರೀರಿ ನೀವು! ವಯಸ್ಸಾದವ್ರು ಅಂತ ನಂಬಿದೆ. ಒಬ್ಬ ಹೆಣ್ಣಮಗಳು ಟ್ರ್ಯಾಕ್ಟರ್ ಗಾಲಿಗೆ ಹೋಗಿ ಬೀಳತಿದ್ಲು ನಿಮ್ಮ ಮೋಸಕ್ಕ!" ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಆಚೆಯಿಂದ ಭಾಂಡೆ ಕೆಳಗಿಟ್ಟ ಸದ್ದು ಕೇಳಿಸಿತು. ಆಮೇಲೆ ಅವರು, "ಗಾಡಿ ವಾಪಸ್ ತಗೊಂಡ ಬರ್ರಿ" ಎಂದಷ್ಟೇ ಹೇಳಿದರು. ತಪ್ಪಿಲ್ಲದಿದ್ದರೆ ಯಾಕೆ ಇಷ್ಟು ಬೇಗ ವಾಪಸ್ ತಗೊಳ್ಳುತ್ತಾರೆ ಎಂದು ನಾನು ಅದನ್ನೂ ಅವರ ಲೆಕ್ಕಕ್ಕೇ ಬರೆದೆ.

ಈಗ ನನಗೆ ಬೇಕಾಗಿದ್ದು ಪುರಾವೆ. ಮತ್ತೆ ಬಲಗಡೆಯ ಕವರ್ ಬಿಚ್ಚಿದೆ. ಕ್ಲಚ್ ತೆಗೆದು, ಅದರ ಹಿಂದಿರುವ ಗೇರು ಬದಲಿಸುವ ಜೋಡಣೆಯನ್ನು ಒಂದೊಂದಾಗಿ ನೋಡಿದೆ. ಲಿವರನ್ನು ನಡುವಿಗೆ ವಾಪಸ್ ತರುವ ಸ್ಪ್ರಿಂಗ್ ಬಿಗಿಯಾಗಿತ್ತು. ಲಿವರ್ ಒತ್ತಿದಾಗ ಮುಂದಿನ ಹಲ್ಲನ್ನು ಹಿಡಿದು ತಿರುಗಿಸುವ ಕೊಕ್ಕೆಯ ತುದಿ ಚೂಪಾಗಿಯೇ ಇತ್ತು. ಬಿದ್ದ ಗೇರನ್ನು ಅಲ್ಲೇ ಹಿಡಿದಿಡುವ ಸಣ್ಣ ಗಾಲಿ ನುಣ್ಣಗೆ ತಿರುಗುತ್ತಿತ್ತು. ನಕ್ಷತ್ರದಂತಿರುವ ತಟ್ಟೆಯ ಬೋಲ್ಟ್ ಸಡಿಲಾಗಿರಬಹುದೆಂದು ಪಾನಾ ಹಾಕಿದರೆ ಅದೂ ಕದಲಲಿಲ್ಲ. ಕೈಯಿಂದ ಹಿಂದಿನ ಗಾಲಿ ತಿರುಗಿಸುತ್ತ ಲಿವರ್ ಒತ್ತಿದೆ. ಒಂದು, ಎರಡು, ಮೂರು, ನಾಲ್ಕು, ಐದು. ಇಪ್ಪತ್ತು ಸಲ ಒತ್ತಿರಬೇಕು, ಇಪ್ಪತ್ತು ಸಲವೂ ಸರಿಯಾಗಿ ಬಿತ್ತು.

ಹೊರಗೆ ದೋಷ ಇಲ್ಲವೆಂದರೆ ಒಳಗೆ ಇರಬೇಕು. ಗೇರಿನ ಹಲ್ಲುಗಳೇ ಸವೆದು ದುಂಡಾಗಿದ್ದರೆ ಭಾರ ಬಿದ್ದಾಗ ಜಾರುತ್ತವೆ. ಅದನ್ನು ನೋಡಬೇಕಾದರೆ ಇಂಜಿನ್ನನ್ನು ಗಾಡಿಯಿಂದ ಇಳಿಸಿ ನಡುವೆ ಎರಡು ಹೋಳು ಮಾಡಬೇಕು. ಆರು ವರ್ಷ ಯಾರೂ ಮುಟ್ಟದ ಇಂಜಿನ್ನನ್ನು ಒಮ್ಮೆ ಹೋಳು ಮಾಡಿದರೆ ಮತ್ತೆ ಅದು ಕಂಪನಿಯ ಕೈಯ ಇಂಜಿನ್ನಾಗಿ ಉಳಿಯುವುದಿಲ್ಲ. ಆದರೆ ಹಲ್ಲು ಸವೆದದ್ದು ಕಂಡರೆ ಸಾವಕಾರರ ಮುಖಕ್ಕೆ ಹಿಡಿಯಬಹುದು. ಖರೆ ಹೇಳಬೇಕೆಂದರೆ ಆ ಹೊತ್ತಿಗೆ ನನಗೆ ಗಾಡಿ ಸರಿಯಾಗುವುದಕ್ಕಿಂತ ಅವರು ಸಿಕ್ಕಿಬೀಳುವುದೇ ಬೇಕಾಗಿತ್ತು.

ಇಂಜಿನ್ನಿನ ಮೊದಲ ಬೋಲ್ಟಿಗೆ ಪಾನಾ ಹಚ್ಚಿದವನು ಅಲ್ಲೇ ಕೂತೆ. ಅನುಮಾನ ಪಡುವವನಿಗೆ ಒಂದು ಗುಣವಿರುತ್ತದೆ, ಯಾರನ್ನೂ ಬಿಡುವುದಿಲ್ಲ. ಡಾಕ್ಟರ್ ಬಾಯಿಯ ಕಾಲಿನ ಮೇಲಿನ ಅನುಮಾನ ಇನ್ನೂ ಪೂರ್ತಿ ಹೋಗಿರಲಿಲ್ಲ. ನಾನು ಓಡಿಸಿದಾಗ ಒಮ್ಮೆಯೂ ಕಳಚದ ಗೇರು ಅವರಿಗೇ ಯಾಕೆ ಕಳಚಬೇಕು? ಇಂಜಿನ್ ಹೋಳು ಮಾಡಿ ಒಳಗೆ ಎಲ್ಲ ಸರಿಯಿದ್ದರೆ ನನ್ನ ಗತಿ ಏನು? ಹೋಳು ಮಾಡುವ ಮೊದಲು ಒಂದು ದಿನ ಅವರ ಹಿಂದೆಯೇ ಗಾಡಿ ಹಾಕಿಕೊಂಡು ಹೋಗಿ, ಅವರ ಎಡಗಾಲನ್ನು ಕಣ್ಣಾರೆ ನೋಡಬೇಕು ಎಂದು ತೀರ್ಮಾನಿಸಿದೆ. ಪಾನಾ ತೆಗೆದೆ, ಕವರ್ ಮುಚ್ಚಿದೆ, ಎಣ್ಣೆ ತುಂಬಿದೆ.

"ನನ್ನ ಕಾಲ ನೋಡಾಕ ಬರತೀರೇನು?" ಎಂದು ಡಾಕ್ಟರ್ ಬಾಯಿ ನೇರ ಕೇಳಿದರು.

"ಗಾಡಿ ನೋಡಾಕ್ರಿ" ಎಂದೆ. ಇಬ್ಬರಿಗೂ ಗೊತ್ತಿತ್ತು ಅದು ಸುಳ್ಳೆಂದು.

ಒಂದು ಆಕಳು ಬೆದೆಗೆ ಬಂದಿದೆ ಎಂದು ಫೋನು ಬಂದ ದಿನ ಬೆಳಿಗ್ಗೆ ಎಂಟಕ್ಕೆ ಹೊರಟೆವು. ಅವರು ಹಿಂದಿನ ಸಂಜೆಯೇ ಸಾರಜನಕ ತುಂಬಿಸಿದ್ದ ಕ್ಯಾನನ್ನು ತಟ್ಟೆಯ ಮೇಲಿಟ್ಟು ಪಟ್ಟಿ ಬಿಗಿದರು. ನಾನು ನನ್ನ ಹಳೆಯ ಗಾಡಿಯಲ್ಲಿ ಅವರ ಎಡ ಹಿಂದಿನಿಂದ ಹತ್ತು ಮಾರು ದೂರದಲ್ಲಿ. ರಸ್ತೆಯುದ್ದಕ್ಕೂ ಕಬ್ಬಿನ ಒಣ ಎಲೆ, ರವದಿ ಚೆಲ್ಲಿತ್ತು. ಅವರ ಕಾಲನ್ನೇ ನೋಡುತ್ತ ನಾನೇ ಎರಡು ಸಲ ತಗ್ಗಿಗೆ ಬಿದ್ದೆ. ಅವರ ಓಡಿಸುವಿಕೆಯಲ್ಲಿ ತಪ್ಪು ಹಿಡಿಯುವಂಥದ್ದೇನೂ ಸಿಗಲಿಲ್ಲ. ಕ್ಲಚ್ ಪೂರ್ತಿ ಹಿಡಿಯುತ್ತಿದ್ದರು, ಹಿಮ್ಮಡಿ ಒತ್ತಿ ಕೂಡಲೇ ತೆಗೆಯುತ್ತಿದ್ದರು. ನನಗಿಂತ ಚಂದ ಓಡಿಸುತ್ತಿದ್ದರು, ಅದು ನನಗೆ ಸ್ವಲ್ಪ ಬೇಜಾರೂ ಆಯಿತು.

ಡಾಂಬರು ಬಿಟ್ಟು ಹೊಲದ ದಾರಿಗೆ ಇಳಿದೆವು. ಮಳೆಯಲ್ಲಿ ಎತ್ತಿನ ಗಾಡಿ ಕೊರೆದ ಗೆರೆಗಳು ಒಣಗಿ ಕಲ್ಲಾಗಿದ್ದವು. ಅವರು ಎರಡನೇ ಗೇರಿಗೆ ಬಂದರು. ಗಾಡಿ ಒಂದು ಗೆರೆ ದಾಟಿ ಕುಣಿಯಿತು, ಅದರ ಜೊತೆ ಕ್ಯಾನೂ ಕುಣಿಯಿತು. ಇಂಜಿನ್ ಒಮ್ಮೆಲೇ ಕೂಗಿತು. ಅವರ ಹಿಮ್ಮಡಿ ಲಿವರಿನ ಮೇಲೆ ಇರಲೇ ಇಲ್ಲ. ಆದರೂ ಲಿವರಿನ ಹಿಂದಿನ ತುದಿ ಕೆಳಗೆ ಹೋದದ್ದನ್ನು ನಾನು ನೋಡಿದೆ.

"ನಿಲ್ಲಸ್ರೀ ಬಾಯಾರ! ಹಂಗ ನಿಲ್ಲಸ್ರಿ, ಇಳೀಬ್ಯಾಡ್ರಿ, ಕ್ಯಾನ್ ಮುಟ್ಟಬ್ಯಾಡ್ರಿ!" ಎಂದು ಒದರಿದೆ.

ಹೆಂಟೆಯ ಮೇಲೆ ಅಂಗಾತ ಮಲಗಿ ಗಾಡಿಯ ಎಡಗಡೆ ತಲೆ ತೂರಿಸಿದೆ. ಕ್ಯಾನಿನ ತಟ್ಟೆಗೆ ಕೆಳಗಿನಿಂದ ಒಂದು ಆಸರೆಯ ಪಟ್ಟಿ ಬರುತ್ತದೆ. ಅದರ ಮುಂದಿನ ತುದಿ ಗೇರ್ ಲಿವರಿನ ಹಿಂಭಾಗಕ್ಕೆ ಸರಿಯಾಗಿ ಮೇಲೆ ಬಂದು ನಿಂತಿತ್ತು. ಅಳತೆ ತೆಗೆಯುವಾಗ ನಡುವೆ ಒಂದು ಬೆರಳು ಜಾಗ ಬಿಟ್ಟಿದ್ದೆ, ನೆನಪಿದೆ. ಈಗ ಅಲ್ಲಿ ಪೋಸ್ಟ್ ಕಾರ್ಡ್ ಕೂಡ ತೂರುತ್ತಿರಲಿಲ್ಲ. ತುಂಬಿದ ಕ್ಯಾನಿನ ಭಾರಕ್ಕೆ ತಟ್ಟೆ ಜಗ್ಗಿ, ಪಟ್ಟಿ ಲಿವರಿನ ಮೇಲೆ ಕೂತಿತ್ತು.

"ಈಗ ಕ್ಯಾನ್ ಇಳಸ್ರಿ" ಎಂದೆ. ಅವರು ಇಳಿಸಿದರು. ನನ್ನ ಕಣ್ಣ ಮುಂದೆಯೇ ಪಟ್ಟಿ ಮೇಲೆದ್ದಿತು, ಲಿವರ್ ಟಕ್ ಎಂದು ತನ್ನ ಜಾಗಕ್ಕೆ ಬಂತು. ನಡುವೆ ಬೆರಳು ಹಾಕಿದೆ, ಸಲೀಸಾಗಿ ತೂರಿತು.

ಗೇರಿನ ಕೊಕ್ಕೆ ಹೇಗೆಂದರೆ, ಲಿವರ್ ಪೂರ್ತಿ ನಡುವಿಗೆ ವಾಪಸ್ ಬಂದರೆ ಮಾತ್ರ ಅದು ಮುಂದಿನ ಹಲ್ಲನ್ನು ಹಿಡಿಯುತ್ತದೆ. ಅರ್ಧಕ್ಕೆ ತಡೆದರೆ ಎಷ್ಟು ತುಳಿದರೂ ಗಾಳಿಯಲ್ಲಿ ತುಳಿದಂತೆ. ಅದಕ್ಕೇ ಮೂರು ಬೀಳುತ್ತಿರಲಿಲ್ಲ. ತಗ್ಗಿನಲ್ಲಿ ಕ್ಯಾನ್ ಕುಕ್ಕಿದಾಗ ಪಟ್ಟಿಯೇ ಹಿಮ್ಮಡಿಯಾಗಿ ಲಿವರನ್ನು ಒತ್ತುತ್ತಿತ್ತು, ಎರಡನೇ ಗೇರು ಕಳಚಿ ಎರಡಕ್ಕೂ ಮೂರಕ್ಕೂ ನಡುವೆ ನಿಲ್ಲುತ್ತಿತ್ತು. ನನ್ನ ಗ್ಯಾರೇಜಿಗೆ ದೂರು ತಂದ ದಿನ ಅವರು ಮೊದಲು ಕ್ಯಾನ್ ಇಳಿಸಿಕೊಂಡು ನೆರಳಿಗೆ ಹೋಗಿದ್ದರು, ಆಮೇಲೆ ನಾನು ಗಾಡಿ ಹತ್ತಿದ್ದೆ; ಎರಡನೇ ಸಲ ಗಾಡಿ ಕ್ಯಾನಿಲ್ಲದೆ ಟೆಂಪೋದಲ್ಲಿ ಬಂದಿತ್ತು. ದೋಷ ಅವರ ಜೊತೆಯೇ ಇಳಿದು ಬೇವಿನ ಮರದ ಕೆಳಗೆ ಕೂತಿತ್ತು. ನಾನು ಬಲಗಡೆ ಕೂತು ಇಂಜಿನ್ ಬಿಚ್ಚುತ್ತಿದ್ದೆ.

ಅಂಗಾತ ಬಿದ್ದವನಿಗೆ ಏಳಲು ಮನಸ್ಸಾಗಲಿಲ್ಲ. ಅಳತೆ ತೆಗೆದವನು ನಾನು. ಖಾಲಿ ತಟ್ಟೆಗೆ ಅಳತೆ ತೆಗೆದವನು. ಗಾಡಿ ಒಪ್ಪಿಸುವಾಗ ಒಮ್ಮೆ ಕ್ಯಾನ್ ಏರಿಸಿ ನೋಡಬೇಕೆಂದು ನನಗೆ ಹೊಳೆದಿರಲಿಲ್ಲ. ಟ್ರ್ಯಾಕ್ಟರಿನ ಮುಂದೆ ಆ ಹೆಣ್ಣುಮಗಳನ್ನು ನಿಲ್ಲಿಸಿದವನೂ ನಾನೇ. ನಾಚಿಕೆಯೂ ಆಯಿತು, ಹೆದರಿಕೆಯೂ ಆಯಿತು.

ಡಾಕ್ಟರ್ ಬಾಯಿ ಬಗ್ಗಿ ನೋಡಿ, ಬೆರಳಿಟ್ಟು, ಎಲ್ಲ ತಿಳಿದುಕೊಂಡರು. "ಅಂದ್ರ ಗಾಡಿ ಚಲೋ ಐತಿ?"

"ಗಾಡಿ ಚಲೋ ಐತ್ರಿ ಬಾಯಾರ. ನಾ ಕೆಟ್ಟೇನಿ. ತಪ್ಪಾತ್ರಿ."

ಅವರು ಮೊಣಕೈ ಪಟ್ಟಿಯನ್ನೊಮ್ಮೆ ನೋಡಿಕೊಂಡರು. "ಇದು ಮಾಯತೈತಿ ಬಿಡ್ರಿ. ಆ ಮನಷ್ಯಾಗ ಫೋನಿನ್ಯಾಗ ಏನೇನ್ ಅಂದ್ರಿ ಅಂತ ನೀವ ನನಗ ಹೇಳಿದ್ರಿ. ಅದರದೇನ್ ಮಾಡ್ತೀರಿ?" ಎಂದರು. ನಾನು ಪಾನಾ ಹುಡುಕುವ ನೆಪದಲ್ಲಿ ಚೀಲಕ್ಕೆ ಕೈ ಹಾಕಿದೆ.

ಗಾಡಿಯ ಆ ಆಸರೆಯ ಪಟ್ಟಿಯನ್ನು ಅಲ್ಲೇ ಬಿಚ್ಚಿ, ತಟ್ಟೆಯನ್ನು ಹಗ್ಗದಿಂದ ಮೇಲಕ್ಕೆ ಜಗ್ಗಿ ಕಟ್ಟಿದೆ. ಆಕಳಿನ ಮನೆಗೆ ಹೊತ್ತಿಗೆ ಸರಿಯಾಗಿ ಮುಟ್ಟಿದೆವು. ಮಧ್ಯಾಹ್ನ ವೆಲ್ಡಿಂಗ್ ಅಂಗಡಿಯಲ್ಲಿ ಹೊಸ ಆಸರೆ ಮಾಡಿಸಿದೆ, ಈ ಸಲ ಹಿಂದಿನ ಕಾಲಿಡುವ ಕಬ್ಬಿಣಕ್ಕೆ ಕೂರಿಸಿ, ಲಿವರಿನಿಂದ ಒಂದು ಗೇಣು ದೂರ. ಕ್ಯಾನಿನ ಎರಡರಷ್ಟು ಭಾರದ ಕಲ್ಲು ಏರಿಸಿ, ನಾನೇ ಅದೇ ಹೊಲದ ದಾರಿಯಲ್ಲಿ ಹೋಗಿ ಬಂದೆ. ಗೇರು ಅಲ್ಲಾಡಲಿಲ್ಲ.

ಬಾಗೇವಾಡಿಗೆ ಫೋನು ಮಾಡಿ ಮುಗಿಸಬಹುದಿತ್ತು. ಎರಡು ಸಲ ನಂಬರ್ ತೆಗೆದೆ, ಎರಡು ಸಲ ಬಿಟ್ಟೆ. ಮೂರನೇ ದಿನ ಬಸ್ಸು ಹತ್ತಿದೆ. ಸಂತೆಯ ದಿನ ಬಿಟ್ಟು, ಅದರಲ್ಲೂ ಮಧ್ಯಾಹ್ನ ಊಟದ ಹೊತ್ತು ನೋಡಿ ಹೋದೆ, ಅಂಗಡಿಯಲ್ಲಿ ಯಾರೂ ಇರಬಾರದೆಂದು.

ಯಾರೂ ಇರಲಿಲ್ಲ. ಸಾವಕಾರರು ಗಾದಿಯ ಮೇಲೆ, ಅವರ ಸೊಸೆ ಒಳಗಡೆ ಸ್ಟೀಲಿನ ಡಬ್ಬಿ ಒರೆಸುತ್ತಿದ್ದರು. ಸಾವಕಾರರು ನನ್ನ ಹಿಂದೆ ರಸ್ತೆಯ ಕಡೆ ನೋಡಿದರು.

"ಗಾಡಿ ಎಲ್ಲೈತ್ರಿ? ಶೆಡ್ಡಿನ್ಯಾಗ ಜಾಗಾ ಮಾಡಿಸೇನಿ."

ನಿಂತಲ್ಲೇ ಎಲ್ಲ ಹೇಳಿದೆ. ಪಟ್ಟಿ, ಅಳತೆ, ಕ್ಯಾನು. ಮೀಟರ್ ಖರೆ, ಇಲಿಯೂ ಖರೆ ಇರಬೇಕು, ನಾನು ಅಂದದ್ದೆಲ್ಲ ತಪ್ಪು ಎಂದೆ. ಅವರು ಗಾದಿಯ ಮೇಲಿನ ಪೇಪರ್ ಎತ್ತಿಕೊಂಡರು. ಅವರ ಬದಲು ಸೊಸೆ ಮಾತಾಡಿದರು.

"ಅವತ್ತ ಮಾವಾರ ಎರಡೂ ಕೈಯಾಗ ಕೊಡ ಹಿಡದ ನಿಂತಿದ್ರು. ಫೋನ್ ನಾ ಎತ್ತಿ ಸ್ಪೀಕರಿಗೆ ಹಾಕಿದ್ದೆ. ಅಂಗಡಿ ತುಂಬ ಮಂದಿ ಇದ್ರು. ಎಲ್ಲಾರೂ ಕೇಳ್ಯಾರ. ಮರದಿನದಿಂದ ಹಳೇ ತಾಮ್ರಾ ಮೋಡಿಗೆ ಹಾಕಿ ಹೊಸಾ ಭಾಂಡೆ ಒಯ್ಯೋ ಹೆಣ್ಣಮಕ್ಳು ನಮ್ಮ ಕಾಟಾದ ಮ್ಯಾಲ ಎರಡೆರಡ ಸಲ ತೂಗಸಾಕ ಹತ್ಯಾರ. ಒಬ್ಬಾಕಿ ಮನಿಯಿಂದ ಕಲ್ಲ ತಂದಿದ್ಲು, ಕಾಟಾ ಪರೀಕ್ಷಾ ಮಾಡಾಕ."

ಕೈಮುಗಿದೆ, ಹೊರಡಲು ತಿರುಗಿದೆ.

"ಕುಂದರ್ರಿ" ಎಂದರು ಸಾವಕಾರರು. "ಊಟದ ಹೊತ್ತು ಮುಗೀಲಿ. ಮಂದಿ ಬರ್ತಾರ."

ಮೂರು ಗಂಟೆಯವರೆಗೆ ಆ ಅಂಗಡಿಯ ಸ್ಟೂಲಿನ ಮೇಲೆ ಕೂತೆ. ಸೊಸೆ ಚಹಾ ತಂದುಕೊಟ್ಟರು. ಸಾವಕಾರರು ಪೇಪರ್ ಓದಿದರು. ಮೊದಲು ಇಬ್ಬರು ಬಂದರು, ಆಮೇಲೆ ಐದಾರು ಜನ, ಮದುವೆಯ ಭಾಂಡೆ ಕೊಳ್ಳಲು ಒಂದು ಇಡೀ ಕುಟುಂಬ. ಹಳೆಯ ತಾಮ್ರದ ಹಂಡೆ ಹೊತ್ತುಕೊಂಡು ಒಬ್ಬ ವಯಸ್ಸಾದ ಹೆಣ್ಣುಮಗಳು ಕಾಟಾದ ಪಕ್ಕ ನಿಂತರು, ಹಂಡೆಯನ್ನು ಕೆಳಗಿಡಲಿಲ್ಲ. ಆಗ ಸಾವಕಾರರು ಪೇಪರ್ ಮಡಚಿದರು.

"ಈಗ ಹೇಳ್ರಿ."

ಎದ್ದು ನಿಂತೆ. ನಾನು ಸಿಂದಗಿಯ ಮಿಸ್ತ್ರಿ, ಫೋನಿನಲ್ಲಿ ಇವರಿಗೆ ಮೋಸಗಾರ ಅಂದವನು, ಗಾಡಿಯ ಮೀಟರ್ ಸರಿಯಿದೆ, ತಪ್ಪು ನನ್ನದು ಎಂದು ಹೇಳಿದೆ. ಪಕ್ಕದಲ್ಲಿ ನಿಂತವರಿಗಷ್ಟೇ ಕೇಳುವ ಹಾಗೆ ಹೇಳಿದೆ.

ಸಾವಕಾರರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಅವತ್ತ ಇಷ್ಟ ಸಣ್ಣ ದನಿ ಇರಲಿಲ್ಲ ನಿಮ್ಮದು" ಎಂದರು.

ಉಸಿರೆಳೆದುಕೊಂಡು, ಅವತ್ತು ಕೂಗಿದಷ್ಟೇ ಜೋರಾಗಿ, ಮೊದಲಿನಿಂದ ಮತ್ತೆ ಹೇಳಿದೆ. ಎದುರಿನ ಹೋಟೆಲಿನವರು ಎದ್ದು ಬಂದು ಬಾಗಿಲಲ್ಲಿ ನಿಂತರು. ಹೇಳಿ ಮುಗಿಸಿದ ಮೇಲೆ ಆ ವಯಸ್ಸಾದ ಹೆಣ್ಣುಮಗಳು ಹಂಡೆಯನ್ನು ಕಾಟಾದ ಮೇಲಿಟ್ಟು, ಅಂಕಿ ಏನು ಬಂತೆಂದು ಕೂಡ ನೋಡದೆ, ಹೊಸ ಕೊಡ ಆರಿಸಲು ಒಳಗೆ ಹೋದರು.